ಕಡಿಮೆ ಖರ್ಚಿನಲ್ಲಿ ಥ್ರಿಲ್ಲರ್‌ನ ರಾತ್ರಿ ದೃಶ್ಯಕ್ಕೆ ಹೊರಗಡೆ ಲೈಟಿಂಗ್ ಹೇಗೆ ಮಾಡಿಕೊಳ್ಳೋದು?

ಕಾಲೇಜು ಕಿರುಚಿತ್ರ, ತೋಟದಲ್ಲಿ ರಾತ್ರಿ ದೃಶ್ಯ, ಜನರೇಟರ್ ಇಲ್ಲ ಅಂದಿದ್ದೀರಿ. ಹಾಗಾದರೆ ದೂರದ ಶಾಟ್‌ಗಳನ್ನು ಮುಸ್ಸಂಜೆಯಲ್ಲೇ ಮುಗಿಸಿ. ನಮ್ಮ ಕಡೆ ಸೂರ್ಯ ಮುಳುಗಿದ ಮೇಲೆ ಆ ಬೆಳಕು ಸಿಗೋದು ಸುಮಾರು 20–25 ನಿಮಿಷ ಅಷ್ಟೇ. ರಿಹರ್ಸಲ್ ಮೊದಲೇ ಆಗಿರಲಿ. ಕ್ಯಾಮೆರಾದ ವೈಟ್ ಬ್ಯಾಲೆನ್ಸ್ (ಬೆಳಕಿನ ಬಣ್ಣಕ್ಕೆ ಹೊಂದಿಸುವ ಸೆಟ್ಟಿಂಗ್) 3200 ಕೆಲ್ವಿನ್‌ಗೆ ಇಟ್ಟರೆ ಆಕಾಶ ಇನ್ನೂ ನೀಲಿಯಾಗಿ, ರಾತ್ರಿಯಂತೆ ಕಾಣುತ್ತದೆ.

ಹತ್ತಿರದ ಶಾಟ್‌ಗಳು ಕತ್ತಲಾದ ಮೇಲೆ. ಲೈಟನ್ನು ಕ್ಯಾಮೆರಾ ಪಕ್ಕದಲ್ಲಿಟ್ಟು ನೇರ ಮುಖಕ್ಕೆ ಹೊಡೆಯಬೇಡಿ, ಭಯವೆಲ್ಲ ಅಲ್ಲೇ ಸತ್ತುಹೋಗುತ್ತದೆ. ಒಂದೇ ಎಲ್‌ಇಡಿ ಇದ್ದರೂ ಪರವಾಗಿಲ್ಲ. ಪಾತ್ರದ ಹಿಂದೆ, ಸ್ವಲ್ಪ ಓರೆಯಾಗಿ, ಎತ್ತರದಲ್ಲಿಡಿ. ಕೂದಲಂಚು, ಭುಜದ ಗೆರೆ ಮಾತ್ರ ಹೊಳೆಯಬೇಕು. ಎಲೆಗಳ ಮೇಲೆ ನೀರು ಚಿಮುಕಿಸಿ ನೋಡಿ, ಒಣಗಿದ ಬಾಳೆ ಎಲೆ ಕೂಡ ಮಿಂಚುತ್ತದೆ. (ವೈರ್ ಹತ್ತಿರ ಮಾತ್ರ ನೀರು ಬೇಡ.) ಮುಖ ತೀರಾ ಕಪ್ಪಾದರೆ ಎದುರಿಗೆ ಬಿಳಿ ಥರ್ಮಾಕೋಲ್ ಹಿಡಿದರೆ ಸಾಕು. ಪಾತ್ರದ ಕೈಗೇ ಟಾರ್ಚ್ ಕೊಟ್ಟರೆ ಇನ್ನೂ ಒಳ್ಳೇದು. ಬೆಳಕು ಎಲ್ಲಿಂದ ಬಂತು ಅನ್ನೋ ಪ್ರಶ್ನೆಯೇ ಬರಲ್ಲ ಅಲ್ವಾ?

ಬೀದಿದೀಪ ಫ್ರೇಮಿನಲ್ಲಿದ್ದರೆ ಶಟರ್ ಸ್ಪೀಡ್ (ಪ್ರತಿ ಫ್ರೇಮಿಗೆ ಕ್ಯಾಮೆರಾ ಬೆಳಕು ಹಿಡಿಯುವ ಸಮಯ) 1/50 ಸೆಕೆಂಡಿಗೆ ಇಡಿ. ನಮ್ಮ ಕರೆಂಟು 50 ಹರ್ಟ್ಸ್, ಶಟರ್ ಹೊಂದದಿದ್ದರೆ ವಿಡಿಯೋದಲ್ಲಿ ದೀಪ ಮಿಣುಕುತ್ತದೆ. ಶೂಟಿಂಗ್ ದಿನಕ್ಕೆ ಮುಂಚೆಯೇ ಅದೇ ಜಾಗದಲ್ಲಿ, ಅದೇ ಹೊತ್ತಿನಲ್ಲಿ ಫೋನಿನಲ್ಲೊಂದು ಟೆಸ್ಟ್ ಶಾಟ್ ತೆಗೆದು ನೋಡಿ.