ಚಾನ್ಸ್ ಎಷ್ಟು ಪರ್ಸೆಂಟ್ ಅಂತ ಕೇಳಿದ ತಂಗಿಗೆ

ಎಂ.ಎಸ್ಸಿ. ಝೂವಾಲಜಿ, 8.6 ಸಿಜಿಪಿಎ, ಡ್ರಾಸೊಫಿಲಾ, ಅಂದರೆ ಹಣ್ಣಿನ ನೊಣದ ಮೇಲೆ ಆರು ತಿಂಗಳ ಪ್ರಾಜೆಕ್ಟ್. 'ಅಮೆರಿಕದ ದೊಡ್ಡ ಯೂನಿವರ್ಸಿಟಿಯಲ್ಲಿ ಬಯಾಲಜಿ ಪಿಎಚ್.ಡಿ. ಸಿಗೋ ಚಾನ್ಸ್ ಎಷ್ಟು ಪರ್ಸೆಂಟ್ ಅಕ್ಕ? ಬಾಡಿಗೆ ಎಷ್ಟು? ಚಳಿ ತಡೆಯೋಕಾಗತ್ತಾ?' ಅಂತ ಹಾಸನದಿಂದ ಬರೆದಿದ್ದೀಯ.

ಚಳಿ ತಡೆಯಬಹುದು. ನಾನು ಅಮೆರಿಕದ ಮ್ಯಾಡಿಸನ್‌ಗೆ ಬಂದ ವರ್ಷ ಮೆಂಡೋಟಾ ಸರೋವರ ಹೆಪ್ಪುಗಟ್ಟಿ, ಜನ ಅದರ ಮೇಲೆ ಓಡಾಡೋದು ಕಂಡು ಅಮ್ಮನಿಗೆ ಫೋನ್ ಮಾಡಿ ಅತ್ತಿದ್ದೆ. ಈಗ ನಾನೂ ಓಡಾಡ್ತೀನಿ. ಬಾಡಿಗೆ ಮಾತು ಸೀಟು ಸಿಕ್ಕ ಮೇಲೆ.

ಪರ್ಸೆಂಟ್ ಲೆಕ್ಕಕ್ಕೆ ಯೂನಿವರ್ಸಿಟಿಯವರು ಹಾಕಿರೋ ಅಂಕಿ ನಂಬಬೇಡ, ಅದರಲ್ಲಿ ಇಲ್ಲಿಯವರು, ಹೊರಗಿನವರು ಎಲ್ಲರೂ ಸೇರಿರ್ತಾರೆ. ಇಲ್ಲಿ ಬಯಾಲಜಿ ಪಿಎಚ್.ಡಿ.ಗೆ ಸಾಮಾನ್ಯವಾಗಿ ನಾವು ಫೀಸ್ ಕಟ್ಟಲ್ಲ, ಅವರೇ ಸ್ಟೈಪೆಂಡ್ ಕೊಡ್ತಾರೆ. ಆ ದುಡ್ಡಲ್ಲಿ ಇಲ್ಲಿಯ ಸರ್ಕಾರದ ಆರೋಗ್ಯ ಸಂಶೋಧನಾ ಸಂಸ್ಥೆಯಾದ ಎನ್‌ಐಎಚ್ ಟ್ರೈನಿಂಗ್ ಗ್ರಾಂಟ್‌ನ ಪಾಲು ಇಲ್ಲಿಯ ಪ್ರಜೆಗಳಿಗೆ, ಗ್ರೀನ್ ಕಾರ್ಡಿನವರಿಗೆ ಮಾತ್ರ. ಹೊರಗಿನವರಿಗೆ ಉಳಿಯೋದು ಕೆಲವೇ ಜಾಗ. ಅರ್ಜಿ ಎಷ್ಟೋ ಕಡೆ ಡಿಸೆಂಬರ್ ಮೊದಲ ವಾರದೊಳಗೆ, ಇಂಟರ್‌ವ್ಯೂ ಜನವರಿ-ಫೆಬ್ರವರಿಯಲ್ಲಿ. ಅರ್ಜಿ ಫೀಸ್ ಮನ್ನಾ ಮಾಡಿ ಅಂತ ಕೇಳು, ನಾಚಿಕೆ ಬೇಡ. ಜಿಆರ್‌ಇ ಅನ್ನೋ ಪ್ರವೇಶ ಪರೀಕ್ಷೆ ಎಷ್ಟೋ ಕಡೆ ಕೈಬಿಟ್ಟಿದ್ದಾರೆ. ಆದ್ದರಿಂದ ಹೆಚ್ಚು ತೂಕ ಬೀಳೋದು ಅರ್ಜಿ ಜೊತೆ ಮೇಷ್ಟ್ರುಗಳಿಂದ ಕಳಿಸೋ ಮೂರು ಶಿಫಾರಸು ಪತ್ರಗಳ ಮೇಲೆ.

ನಾನು ಕೆಟ್ಟಿದ್ದೇ ಅಲ್ಲಿ. ನಮ್ಮ ಕಡೆ ಹೇಗೆ ಅಂತ ನಿನಗೆ ಗೊತ್ತು. ಎಚ್‌ಒಡಿ ಹತ್ರ ಹೋದರೆ 'ಬರ್ಕೊಂಡ್ ಬಾಮ್ಮ, ಸೈನ್ ಹಾಕ್ತೀನಿ' ಅಂದರು. ಇನ್ನಿಬ್ಬರು ಹಿರಿಯರೂ ಅದೇ ಮಾತು. ಮೂರನ್ನೂ ಒಂದೇ ಸೈಬರ್ ಸೆಂಟರಿನಲ್ಲಿ ಕೂತು ನಾನೇ ಟೈಪ್ ಮಾಡಿದೆ: 'ಸಿನ್ಸಿಯರ್, ಹಾರ್ಡ್ ವರ್ಕಿಂಗ್, ರೆಗ್ಯುಲರ್ ಟು ಕ್ಲಾಸ್.' ಏಳು ಕಡೆ ಹಾಕಿದೆ, ಏಳರಲ್ಲೂ ಇಲ್ಲ.

ನನ್ನ ಕೆಲಸ ಕಣ್ಣಾರೆ ಕಂಡವರು ಒಬ್ಬರೇ, ಟೆಂಪರರಿ ಲೆಕ್ಚರರ್ ಒಬ್ಬರು. ನಮ್ಮ ಲ್ಯಾಬಿನ ನೊಣಗಳಿಗೆ ರವೆ, ಬೆಲ್ಲ, ಅಗರ್ ಕುದಿಸಿ ಹಾಕ್ತಿದ್ದೆವಲ್ಲ, ಲ್ಯಾಬೆಲ್ಲ ಸಜ್ಜಿಗೆ ಮಾಡಿದ ಮನೆ ಥರ ಘಮಘಮ. ಒಂದು ತಿಂಗಳು ಬಾಟಲಿಗಳಿಗೆಲ್ಲ ಬೂಷ್ಟು. ರವೆ ಕೆಟ್ಟಿದೆ, ಬಾಟಲಿ ಮುಚ್ಚೋ ಹತ್ತಿ ಸರಿಯಿಲ್ಲ ಅಂತ ಒಬ್ಬೊಬ್ಬರದು ಒಂದೊಂದು ಮಾತು. ನಾನು ನಾಲ್ಕು ಬ್ಯಾಚ್ ಬೇರೆಬೇರೆ ಬಿಸಿಯಲ್ಲಿ ಮಾಡಿ ನೋಡಿದೆ. ಕುದಿಕುದಿ ಇರುವಾಗಲೇ ಬೂಷ್ಟು ತಡೆಯೋ ಪ್ರೊಪಿಯಾನಿಕ್ ಆಸಿಡ್ ಸುರೀತಿದ್ವಿ, ಅದು ಆವಿಯಾಗಿ ಹೋಗ್ತಿತ್ತು. ರಾತ್ರಿ ಎಂಟರ ತನಕ ಪಕ್ಕದಲ್ಲೇ ನಿಂತು ನೋಡಿದ್ದು ಆ ಮೇಡಂ. 'ಟೆಂಪರರಿಯವರ ಪತ್ರಕ್ಕೆ ಏನು ಬೆಲೆ' ಅಂದುಕೊಂಡು ಅವರನ್ನು ಕೇಳಲೇ ಇಲ್ಲ.

ಈಗ ನಮ್ಮ ಲ್ಯಾಬಿಗೆ ಸೇರೋಕೆ ಬರೋವರ ಪತ್ರಗಳನ್ನು ನಾನೂ ಓದ್ತೀನಿ. 'ತುಂಬ ಒಳ್ಳೆ ಹುಡುಗಿ' ಅನ್ನೋದು ಕಣ್ಣಿಗೇ ಬೀಳಲ್ಲ. ಬೂಷ್ಟಿನ ಕಥೆಯಂಥದ್ದೊಂದು ಸಿಕ್ಕರೆ ಕಣ್ಣು ಅಲ್ಲೇ ನಿಲ್ಲತ್ತೆ.

ಆ ಏಳೂ ಕೈತಪ್ಪಿದ ಮೇಲಿನ ವರ್ಷ ಬೆಂಗಳೂರಿನಲ್ಲಿ ಪ್ರಾಜೆಕ್ಟ್ ಅಸಿಸ್ಟೆಂಟ್ ಆಗಿ ದುಡಿದು, ಅಲ್ಲಿಯವರು ತಾವೇ ಕೂತು ಬರೆದ ಪತ್ರದಿಂದ ನನಗೆ ಸೀಟು ಸಿಕ್ಕಿತು. ಊರಿಗೆ ಹೋದಾಗ ಸ್ವೀಟ್ ಬಾಕ್ಸ್ ಹಿಡಿದು ಮೇಡಂ ಮನೆಗೆ ಹೋದೆ. 'ನನ್ನ ಕೇಳ್ತೀಯೇನೋ ಅಂತಿದ್ದೆ ಕಣೆ' ಅಂದರು, ನಗ್ತಾನೇ. ಕಾಫಿ ಕೊಟ್ಟರು. ನನಗೆ ಕುಡಿಯೋಕಾಗಲಿಲ್ಲ.

ನಿನ್ನ ಪರ್ಸೆಂಟ್ ನಾನು ಹೇಳಲಾರೆ. ಪ್ರಾಜೆಕ್ಟಿನಲ್ಲಿ ನಿನ್ನ ಪಕ್ಕ ನಿಂತು ನೋಡಿದವರು ಯಾರು, ಬರೆದು ಕಳಿಸು. ಸೀಟು ಸಿಕ್ಕರೆ ಹುಣಸೆಹಣ್ಣು ಹೊತ್ತು ತರಬೇಡ, ಇಲ್ಲಿ ಸಿಗತ್ತೆ. ಸಾರಿನಪುಡಿ ತಾ, ನನಗೂ ಸೇರಿಸಿ.