ಗೇರ್‌ಬಾಕ್ಸ್ ಕೆಟ್ಟಿದ್ದು ವಾರಂಟಿ ಮುಗಿದ ಮೇಲಲ್ಲ

ಓದುಗರ ಪತ್ರ:

ಸಂಪಾದಕರೇ, 2020ರ ನವರಾತ್ರಿಯಲ್ಲಿ ಸುಮಾರು 13 ಲಕ್ಷ ಕೊಟ್ಟು ಡ್ಯುಯಲ್ ಕ್ಲಚ್ ಆಟೋಮ್ಯಾಟಿಕ್ ಕಾರು ತಗೊಂಡೆವು. ಮೊದಲ ವರ್ಷದಿಂದಲೇ ಟ್ರಾಫಿಕ್‌ನಲ್ಲಿ ನಿಧಾನ ಹೋಗುವಾಗ ಗಾಡಿ ನಡುಗುತ್ತಿತ್ತು. ಪ್ರತಿ ಸರ್ವೀಸ್‌ನಲ್ಲೂ ಹೇಳಿದೆ. ‘ಸಾಫ್ಟ್‌ವೇರ್ ಅಪ್‌ಡೇಟ್ ಮಾಡಿದೀವಿ, ಸರಿ ಹೋಗುತ್ತೆ’ ಅಂದರು. ನಾಲ್ಕು ವರ್ಷದ ವಾರಂಟಿ ಮುಗಿದು ಐದು ತಿಂಗಳಿಗೆ, ಪುತ್ತೂರಿಗೆ ಹೋಗುವಾಗ ಶಿರಾಡಿ ಘಾಟಿಯಲ್ಲಿ ಗಾಡಿ ನಿಂತೇ ಹೋಯಿತು. ಹಿಂದೆ ಟ್ಯಾಂಕರ್‌ಗಳ ಸಾಲು, ಒಳಗೆ ಅತ್ತೆ ಮತ್ತು ಮಗ. ಈಗ 1,85,000 ರೂಪಾಯಿ ಎಸ್ಟಿಮೇಟ್ ಕೊಟ್ಟಿದ್ದಾರೆ. ಈ ಕಾರಿನಲ್ಲಿ ಇದು ಮಾಮೂಲು ಅಂತ ಮೆಕ್ಯಾನಿಕ್ಕೇ ಹೇಳುತ್ತಾನೆ. ಸರ್ವೀಸ್ ಸೆಂಟರಿನ ಅಡ್ವೈಸರ್ ಮಾತ್ರ ‘ಮೇಡಂ, ಇದು ನಿಮ್ಮ ಡ್ರೈವಿಂಗ್ ಸ್ಟೈಲ್‌ನಿಂದ ಆಗಿರೋದು’ ಅನ್ನುತ್ತಾರೆ. ರಿಪೇರಿ ಮಾಡಿಸದೆ ಯಾರಿಗಾದರೂ ಮಾರಿಬಿಡಿ ಅಂತ ನೆಂಟರ ಸಲಹೆ. ಗ್ರಾಹಕರ ಕೋರ್ಟು ನಮ್ಮಂಥವರಿಗೆ ಆಗುವ ಮಾತಾ?
– ಹೆಸರು ಬೇಡ ಎಂದಿರುವ ಓದುಗರು, ಬೆಂಗಳೂರು

ಸಂಪಾದಕರ ಉತ್ತರ:

ಮೇಡಂ, ಆ ‘ಡ್ರೈವಿಂಗ್ ಸ್ಟೈಲ್’ ಮಾತಿನಿಂದಲೇ ಶುರು ಮಾಡುತ್ತೇನೆ. ನಿಮ್ಮ ಪತ್ರದಲ್ಲಿ ನನಗೆ ತುಂಬಾ ಸಿಟ್ಟು ತರಿಸಿದ್ದು ಅದೇ. ಈ ಮಾತು ಕೇಳಿದವರಲ್ಲಿ ನೀವು ಮೊದಲಿಗರಲ್ಲ. ಆಸ್ಟ್ರೇಲಿಯಾದಲ್ಲಿ ಇದೇ ಮಾತು ಹೇಳಿದ್ದಕ್ಕೆ ಒಂದು ದೊಡ್ಡ ಕಂಪನಿ ದಂಡ ಕಟ್ಟಿದೆ.

ಅದು ಫೋರ್ಡ್. ಫಿಯೆಸ್ಟಾ, ಫೋಕಸ್, ಇಕೋಸ್ಪೋರ್ಟ್ ಕಾರುಗಳಿಗೆ ಅವರು ‘ಪವರ್‌ಶಿಫ್ಟ್’ ಅನ್ನುವ ಡ್ಯುಯಲ್ ಕ್ಲಚ್ ಗೇರ್‌ಬಾಕ್ಸ್ ಹಾಕಿದ್ದರು. ನಿಮ್ಮ ಕಾರು ಆ ಕಂಪನಿಯದ್ದಲ್ಲ, ಆದರೆ ಕಾಯಿಲೆಯ ಲಕ್ಷಣ ಒಂದೇ: ನಿಧಾನಕ್ಕೆ ಹೋಗುವಾಗ ನಡುಕ, ವೇಗ ಎತ್ತುವಾಗ ಜಗ್ಗಾಟ, ಒಮ್ಮೊಮ್ಮೆ ಎಳೆತವೇ ಇಲ್ಲ. ಗ್ರಾಹಕರು ದೂರು ಕೊಟ್ಟರೆ, ನೀವು ಓಡಿಸುವ ರೀತಿ ಸರಿಯಿಲ್ಲ ಎಂಬ ಉತ್ತರ. ಈ ನಡುಕ ಗೇರ್‌ಬಾಕ್ಸಿನದ್ದೇ ತೊಂದರೆ ಅಂತ ಕಂಪನಿಗೆ ಗೊತ್ತಿತ್ತು. ಗೊತ್ತಿದ್ದೂ ಹೀಗೆ ಹೇಳುತ್ತಿದ್ದರು. ಅಲ್ಲಿನ ಸ್ಪರ್ಧಾ ಮತ್ತು ಗ್ರಾಹಕ ಆಯೋಗ ಕೋರ್ಟಿಗೆ ಹೋಯಿತು. 2018ರ ಏಪ್ರಿಲ್‌ನಲ್ಲಿ ಫೆಡರಲ್ ಕೋರ್ಟ್ ಒಂದು ಕೋಟಿ ಆಸ್ಟ್ರೇಲಿಯನ್ ಡಾಲರ್ ದಂಡ ಹಾಕಿತು. ಆ ಕೇಸು ನಿಂತಿದ್ದು ಹತ್ತು ತಿಂಗಳಲ್ಲಿ ಬಂದ 560 ಗ್ರಾಹಕರ ದೂರುಗಳನ್ನು ಕಂಪನಿ ಹೇಗೆ ನಿಭಾಯಿಸಿತು ಅನ್ನುವುದರ ಮೇಲೆ. ಅಂದರೆ 560 ಜನ ಸುಮ್ನೆ ಕೂರದೆ ದೂರು ದಾಖಲಿಸಿದ್ದರು.

ಅದೇ ಪವರ್‌ಶಿಫ್ಟ್ ನಮ್ಮಲ್ಲೂ 2013ರಿಂದ ಇಕೋಸ್ಪೋರ್ಟ್‌ನ ಆಟೋಮ್ಯಾಟಿಕ್ ಮಾಡೆಲ್‌ನಲ್ಲಿ ಬಂದಿತ್ತು. 2017ರ ಕೊನೆಯಲ್ಲಿ ಹೊಸ ರೂಪದ ಗಾಡಿ ಬಂದಾಗ ಬೇರೆ ಬಗೆಯ ಗೇರ್‌ಬಾಕ್ಸ್ ಹಾಕಿದರು.

ಈಗ ನಿಮ್ಮ ಗಾಡಿಯ ಒಳಗೆ ಏನಿದೆ ನೋಡೋಣ. ಡ್ಯುಯಲ್ ಕ್ಲಚ್ ಅಂದರೆ ಒಳಗೆ ಎರಡು ಕ್ಲಚ್. ಒಂದು 1, 3, 5ನೇ ಗೇರಿಗೆ, ಇನ್ನೊಂದು 2, 4, 6ಕ್ಕೆ. ಒಂದು ಬಿಡುವಾಗ ಇನ್ನೊಂದು ಹಿಡಿಯುತ್ತದೆ. ಇದರಲ್ಲಿ ಎರಡು ಜಾತಿ. ಎಣ್ಣೆಯಲ್ಲಿ ಮುಳುಗಿರುವ ಕ್ಲಚ್, ಒಣ ಕ್ಲಚ್. ಒಣ ಕ್ಲಚ್ಚಿನಲ್ಲಿ ಹುಟ್ಟುವ ಬಿಸಿ ಗಾಳಿಯಲ್ಲೇ ಆರಬೇಕು. ಹೆಬ್ಬಾಳದಲ್ಲೋ ಸಿಲ್ಕ್ ಬೋರ್ಡಿನಲ್ಲೋ ಇಂಚಿಂಚೇ ಸರಿಯುವಾಗ ಕ್ಲಚ್ ಪೂರ್ತಿ ಹಿಡಿಯುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಉಜ್ಜುತ್ತಲೇ ಇರುತ್ತದೆ, ಬಿಸಿ ಏರುತ್ತಲೇ ಇರುತ್ತದೆ. ಪವರ್‌ಶಿಫ್ಟ್‌ನಲ್ಲಿ ಇದರ ಜೊತೆಗೆ ಇನ್ನೊಂದು ಎಡವಟ್ಟಿತ್ತು. ಒಳಗಿನ ಶಾಫ್ಟಿನ ಸೀಲ್ ಸೋರಿ, ಒಣಗಿರಬೇಕಾದ ಕ್ಲಚ್ ಪ್ಲೇಟಿಗೆ ಎಣ್ಣೆ ತಾಗುತ್ತಿತ್ತು. ಎಣ್ಣೆ ತಾಗಿದ ಪ್ಲೇಟು ಜಾರಿ ಜಾರಿ ಹಿಡಿದರೆ ಗಾಡಿ ನಡುಗದೆ ಇನ್ನೇನು ಮಾಡುತ್ತದೆ? ಇದರಲ್ಲಿ ಓಡಿಸುವವರ ಕಾಲಿನ ಪಾತ್ರ ಏನಿದೆ?

ನನ್ನ ಮಾತು ಇಷ್ಟೇ. ಸಿಟಿಯಲ್ಲಿ ಆರಾಮ ಅಂತ ಹೇಳಿ ಮಾರಿದ ಆಟೋಮ್ಯಾಟಿಕ್ ಕಾರು ಸಿಟಿ ಟ್ರಾಫಿಕ್ ತಡೆದುಕೊಳ್ಳಬೇಕು. ಬೆಂಗಳೂರಿನಲ್ಲಿ ಬೆಂಗಳೂರಿನ ಹಾಗೇ ಓಡಿಸುವುದು ದುರ್ಬಳಕೆ ಆಗುವುದಿಲ್ಲ. ಅಡ್ವೈಸರ್ ಆ ಮಾತಿಗೆ ಅಂಟಿಕೊಂಡಿದ್ದರೆ ಅದನ್ನು ಬರೆದು ಕೊಡಲಿ. ‘ವಾಹನದ ಯಾವ ಭಾಗ, ಯಾವ ರೀತಿಯ ಚಾಲನೆಯಿಂದ, ಹೇಗೆ ಹಾಳಾಗಿದೆ’ ಅಂತ ಇಮೇಲ್‌ನಲ್ಲಿ ಕೇಳಿ. ಬಾಯಲ್ಲಿ ಹೇಳುವಷ್ಟು ಸುಲಭವಾಗಿ ಇದನ್ನು ಯಾರೂ ಕಾಗದದಲ್ಲಿ ಬರೆಯುವುದಿಲ್ಲ.

ಇನ್ನು ವಾರಂಟಿ. ಐದು ತಿಂಗಳ ಹಿಂದೆಯೇ ಮುಗಿಯಿತಲ್ಲ ಅಂತ ನೀವು ಕೈಚೆಲ್ಲಿದ ಹಾಗೆ ಕಾಣುತ್ತದೆ. ಆದರೆ ನಿಮ್ಮ ಗೇರ್‌ಬಾಕ್ಸ್ ಕೆಟ್ಟಿದ್ದು ಶಿರಾಡಿಯಲ್ಲಿ ಅಲ್ಲ. ಮೊದಲ ವರ್ಷ ನಡುಗಿದಾಗಲೇ ಅದು ಕೆಟ್ಟಿತ್ತು, ನೀವು ಆಗಲೇ ಹೇಳಿದ್ದೀರಿ. ವಾರಂಟಿ ಒಳಗೆ ಹೇಳಿದ ದೂರನ್ನು ಸರಿಮಾಡದೆ ಎಳೆದು, ವಾರಂಟಿ ಮುಗಿದ ಮೇಲೆ ಬಿಲ್ ಕೊಡುವುದು ಸೇವೆಯ ಕೊರತೆ. ನಿಮ್ಮ ಇಡೀ ಕೇಸು ಇದರ ಮೇಲೆ ನಿಲ್ಲುತ್ತದೆ: ಮೊದಲ ಸಲ ದೂರು ಹೇಳಿದ್ದು ಯಾವಾಗ, ಅದಕ್ಕೆ ಕಾಗದ ಎಲ್ಲಿದೆ?

ನೀವು ಪತ್ರದ ಜೊತೆ ಕಳಿಸಿದ ಮೂರು ಜಾಬ್ ಕಾರ್ಡ್ (ಸರ್ವೀಸ್‌ಗೆ ಬಿಟ್ಟಾಗ ದೂರು, ಕೆಲಸ ಬರೆದು ಕೊಡುವ ಚೀಟಿ) ನೋಡಿದೆ. ಎರಡರಲ್ಲಿ ‘ಪೀರಿಯಾಡಿಕ್ ಸರ್ವೀಸ್, ವಾಟರ್ ವಾಶ್, ವೀಲ್ ಅಲೈನ್‌ಮೆಂಟ್’ ಅಂತಷ್ಟೇ ಇದೆ. ನಡುಕದ ಸುದ್ದಿಯೇ ಇಲ್ಲ. ಮೂರನೆಯದರಲ್ಲಿ ಮಾತ್ರ, ಕೆಳಗೆ ಮೂಲೆಯಲ್ಲಿ, ಪೆನ್ನಿನಲ್ಲಿ ‘ಜರ್ಕ್ ಇನ್ ಟ್ರಾಫಿಕ್, ಟಿಸಿಎಂ ಅಪ್‌ಡೇಟ್ ಡನ್’ ಅಂತ ಬರೆದು ಸಹಿ ಹಾಕಿದ್ದಾರೆ. ಟಿಸಿಎಂ ಅಂದರೆ ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್. ತಾರೀಖು 2022ರದ್ದು. ಮೇಡಂ, ಆ ಒಂದು ಸಾಲು ನಿಮ್ಮ ಪಾಲಿಗೆ ಚಿನ್ನ. ವಾರಂಟಿ ಜೀವಂತ ಇದ್ದಾಗಲೇ ಕಂಪನಿಗೆ ತೊಂದರೆ ಗೊತ್ತಿತ್ತು, ಅದಕ್ಕಾಗಿ ಗೇರ್‌ಬಾಕ್ಸ್ ಕಂಪ್ಯೂಟರಿಗೆ ಕೈ ಹಾಕಿದ್ದರು ಅಂತ ಅವರದೇ ಕಾಗದ ಹೇಳುತ್ತಿದೆ. ಮೂಲಪ್ರತಿಯನ್ನು ಯಾರ ಕೈಗೂ ಕೊಡಬೇಡಿ.

ಉಳಿದ ಎರಡು ಸಲದ್ದಕ್ಕೆ ಬೇರೆ ಪುರಾವೆ ಹುಡುಕಿ. ಅಡ್ವೈಸರ್ ಜೊತೆಗಿನ ವಾಟ್ಸ್‌ಆ್ಯಪ್ ಮೆಸೇಜ್ ಇರಬಹುದು. ಸರ್ವೀಸ್ ಆದ ಮೇಲೆ ಬರುವ ಫೀಡ್‌ಬ್ಯಾಕ್‌ಗೆ ನೀವು ಕೊಟ್ಟ ಉತ್ತರ ಇರಬಹುದು. ಚಾಸಿ ನಂಬರ್ ಕೊಟ್ಟು ಗಾಡಿಯ ಪೂರ್ತಿ ಸರ್ವೀಸ್ ಹಿಸ್ಟರಿ ಪ್ರಿಂಟ್ ಕೇಳಿ. ಅವರ ಸಿಸ್ಟಂನಲ್ಲಿ ಅಪ್‌ಡೇಟ್ ಮಾಡಿದ ದಾಖಲೆ ಉಳಿದಿರುತ್ತದೆ.

ಈ ಪತ್ರಿಕೆ ಓದುವ ಬೇರೆ ಕಾರಿನವರಿಗೂ ಒಂದು ಮಾತು. ಗಾಡಿಯನ್ನು ಸರ್ವೀಸ್‌ಗೆ ಬಿಡುವಾಗ ನಿಮ್ಮ ದೂರನ್ನು ನಿಮ್ಮದೇ ಮಾತಿನಲ್ಲಿ ಜಾಬ್ ಕಾರ್ಡಿಗೆ ಬರೆಸಿ, ಆಮೇಲೆ ಸಹಿ ಹಾಕಿ. ‘ಅದೆಲ್ಲ ಬೇಡ ಸಾರ್, ನಾನು ಹೇಳ್ತೀನಿ ಬಿಡಿ’ ಅಂದರೆ ಒಪ್ಪಬೇಡಿ.

ಈಗ ಎಸ್ಟಿಮೇಟ್ ವಿಷಯ. ಆತುರದಲ್ಲಿ ಗೇರ್‌ಬಾಕ್ಸ್ ಬಿಚ್ಚಿಸಬೇಡಿ. ಬಿಚ್ಚಿ ಹೊಸ ಪ್ಲೇಟ್ ಹಾಕಿದ ಮರುಗಳಿಗೆ ನಿಮ್ಮ ಸಾಕ್ಷಿ ಗುಜರಿ ಸೇರುತ್ತದೆ. ಮೊದಲು ಡೀಲರ್ ಮತ್ತು ಕಂಪನಿಯ ಮುಖ್ಯ ಕಚೇರಿ, ಇಬ್ಬರಿಗೂ ಸ್ಪೀಡ್ ಪೋಸ್ಟ್‌ನಲ್ಲಿ ಬರೆಯಿರಿ. ನಿಮ್ಮ ಎದುರಿಗೇ, ಕಂಪನಿಯ ಇಂಜಿನಿಯರ್ ಇರುವಾಗಲೇ ಬಿಚ್ಚಬೇಕು ಅಂತ ಕೇಳಿ. ನಿಮ್ಮ ಪರವಾಗಿ ಸ್ವತಂತ್ರ ವಾಹನ ಸರ್ವೇಯರ್ ಒಬ್ಬರನ್ನೋ, ಇಂಜಿನಿಯರಿಂಗ್ ಕಾಲೇಜಿನ ಆಟೋಮೊಬೈಲ್ ವಿಭಾಗದ ಮೇಷ್ಟ್ರನ್ನೋ ಕರೆದುಕೊಂಡು ಹೋಗಿ. ಅವರ ಫೀಸಿಗೆ ಜಿಪುಣತನ ಬೇಡ. ಬಿಚ್ಚುವಾಗ ವಿಡಿಯೊ ಮಾಡಿ. ಪ್ಲೇಟಿನ ಮೇಲೆ ಎಣ್ಣೆಯ ಪಸೆ ಇದೆಯಾ? ಕಬ್ಬಿಣ ಸುಟ್ಟು ನೀಲಿ ಬಣ್ಣಕ್ಕೆ ತಿರುಗಿದೆಯಾ? ಎರಡು ಕ್ಲಚ್ಚೂ ಒಂದೇ ಸಮ ಸವೆದಿವೆಯಾ, ಒಂದೇ ಹಾಳಾಗಿದೆಯಾ? ‘ಕ್ಲಚ್ ಸವೆಯುವ ಸಾಮಾನು, ವಾರಂಟಿ ಬರಲ್ಲ’ ಅಂತ ಅವರು ಹೇಳೇ ಹೇಳುತ್ತಾರೆ. ಸವೆದ ಪ್ಲೇಟು ಬೇರೆ, ಸೀಲ್ ಸೋರಿ ಎಣ್ಣೆ ಕುಡಿದ ಪ್ಲೇಟು ಬೇರೆ. ಅದನ್ನು ಕಣ್ಣೇ ತೋರಿಸುತ್ತದೆ. ಹಳೇ ಸಾಮಾನು ವಾಪಸ್ ಕೇಳಿ, ಚೀಲ ಕಟ್ಟಿ ಮನೆಯಲ್ಲಿ ಇಡಿ.

ಗಾಡಿ ಇಲ್ಲದೆ ದಿನ ಕಳೆಯುವುದು ಕಷ್ಟ ಅಂತ ದುಡ್ಡು ಕಟ್ಟಲೇಬೇಕಾದರೆ, ಇದು ಉತ್ಪಾದನಾ ದೋಷ ಅನ್ನುವ ನನ್ನ ತಕರಾರು ಹಾಗೇ ಉಳಿದಿದೆ, ಬೇರೆ ದಾರಿಯಿಲ್ಲದೆ ಕಟ್ಟುತ್ತಿದ್ದೇನೆ ಅಂತ ಬರೆದು ಕೊಟ್ಟು ಕಟ್ಟಿ. ‘ಗುಡ್‌ವಿಲ್’ ಅಂತ ಕಂಪನಿ ಅರ್ಧ ಖರ್ಚು ಹೊರಲು ಮುಂದೆ ಬರಬಹುದು. ನಾನಾದರೆ ಸಾಮಾನೆಲ್ಲ ಅವರದು, ಮಜೂರಿ ನನ್ನದು ಅನ್ನುವ ಮಟ್ಟಕ್ಕೆ ಬಂದರೆ ಒಪ್ಪುತ್ತೇನೆ. ಆದರೆ ಸಹಿಗೆ ಕೊಡುವ ಕಾಗದದಲ್ಲಿ ಮುಂದೆ ಯಾವ ತಕರಾರೂ ಇಲ್ಲ ಅನ್ನುವ ಸಾಲು ಇದೆಯಾ ನೋಡಿಕೊಳ್ಳಿ. ಹೊಸ ಕ್ಲಚ್ಚೂ ಅದೇ ದಾರಿ ಹಿಡಿದರೆ?

ಕೋರ್ಟು ನಮ್ಮಂಥವರಿಗಾ ಅಂದಿರಿ. ನಿಮ್ಮಂಥವರಿಗೇ ಇರುವುದು ಅದು. ನೀವು ಕೊಟ್ಟ ಬೆಲೆ 50 ಲಕ್ಷದ ಒಳಗಿದೆ, ಹಾಗಾಗಿ ಜಿಲ್ಲಾ ಗ್ರಾಹಕ ಆಯೋಗ ಸಾಕು. 13 ಲಕ್ಷದ ಗಾಡಿಗೆ ಶುಲ್ಕ 400 ರೂಪಾಯಿ. 2019ರ ಕಾಯ್ದೆ ಬಂದ ಮೇಲೆ ನೀವು ವಾಸ ಇರುವ ಊರಿನಲ್ಲೇ ಹಾಕಬಹುದು, ಆನ್‌ಲೈನ್‌ನಲ್ಲೂ ಹಾಕಬಹುದು. ವಕೀಲರು ಕಡ್ಡಾಯವಲ್ಲ. ಡೀಲರ್ ಮತ್ತು ಕಂಪನಿ ಇಬ್ಬರನ್ನೂ ಎದುರುದಾರರನ್ನಾಗಿ ಮಾಡಿ. ಒಬ್ಬರನ್ನೇ ಹಾಕಿದರೆ ಅವರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ.

ಇದರಲ್ಲಿ ಎಡವುವ ಒಂದು ಜಾಗ ಇದೆ. ಆ ಕಾಯ್ದೆಯಲ್ಲಿ ‘ಉತ್ಪನ್ನ ಹೊಣೆಗಾರಿಕೆ’ ಅಂತ ಒಂದು ಅಧ್ಯಾಯ ಇದೆ. ಹೆಸರು ಕೇಳಿದರೆ ನಮಗೇ ಮಾಡಿಟ್ಟ ಹಾಗಿದೆ, ಅಲ್ವಾ? ಆದರೆ ಅದು ವಸ್ತುವಿನಿಂದ ಜನರಿಗೆ ಅಥವಾ ಬೇರೆ ಆಸ್ತಿಗೆ ಆದ ಹಾನಿಗೆ. ವಸ್ತುವಿಗೇ ಆದ ಹಾನಿಯನ್ನು ಅದು ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಮ್ಮ ದೂರು ‘ದೋಷಪೂರಿತ ಸರಕು’ ಮತ್ತು ‘ಸೇವೆಯ ಕೊರತೆ’ ಎಂದು ಇರಲಿ.

ಇಡೀ ಕಾರು ಬದಲಿಸಿ ಕೊಡಿ ಅಂತ ಕೇಳುವುದಕ್ಕಿಂತ ರಿಪೇರಿ ಖರ್ಚು, ಪರಿಹಾರ ಮತ್ತು ಗೇರ್‌ಬಾಕ್ಸಿಗೆ ಹೊಸ ವಾರಂಟಿ ಕೇಳುವುದು ಒಳ್ಳೆಯದು. 2006ರಲ್ಲಿ ಒಂದು ಮಾರುತಿ ಕಾರಿನ ಕೇಸಿನಲ್ಲಿ, ವಾರಂಟಿ ಇರುವುದು ಕೆಟ್ಟ ಭಾಗ ಸರಿಮಾಡಲು ಅಥವಾ ಬದಲಿಸಲು, ಪೂರ್ತಿ ವಾಹನ ಬದಲಿಸಲು ಅಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತ್ತು. ಹಾಗಂತ ಬಾಗಿಲು ಪೂರ್ತಿ ಮುಚ್ಚಿಲ್ಲ. 2022ರಲ್ಲಿ, ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದ ಹ್ಯುಂಡೈ ಕ್ರೆಟಾ ಕೇಸಿನಲ್ಲಿ, ಕಾರು ಬದಲಿಸಿ ಕೊಡಬೇಕೆಂಬ ಆದೇಶವನ್ನು ಅದೇ ಕೋರ್ಟ್ ಎತ್ತಿಹಿಡಿಯಿತು. ಡಿಕ್ಕಿಯ ವೇಗ, ಬಲ ಲೆಕ್ಕ ಹಾಕಲು ಗ್ರಾಹಕ ಭೌತಶಾಸ್ತ್ರದ ಪಂಡಿತನಲ್ಲ ಅನ್ನುವ ಅರ್ಥದ ಮಾತನ್ನೂ ಹೇಳಿತು. ಏರ್‌ಬ್ಯಾಗ್ ತೆರೆಯದಿದ್ದರೆ ಯಾರಿಗಾದರೂ ಕಾಣುತ್ತದೆ. ಗೇರ್‌ಬಾಕ್ಸಿನ ಕೇಸು ಅಷ್ಟು ಸಲೀಸಲ್ಲ, ತಜ್ಞರ ವರದಿ ಇಲ್ಲ ಅಂತ ಸೋತವರು ಬೇಕಾದಷ್ಟು ಜನ ಇದ್ದಾರೆ. ಸರ್ವೇಯರ್ ಬಗ್ಗೆ ಅಷ್ಟು ಒತ್ತಿ ಹೇಳಿದ್ದು ಅದಕ್ಕೇ. ಪ್ರಯೋಗಾಲಯಕ್ಕೆ ಕಳಿಸಿ ಪರೀಕ್ಷೆ ಮಾಡಿಸುವ ಅಧಿಕಾರ ಆಯೋಗಕ್ಕೂ ಇದೆ, ಅರ್ಜಿಯಲ್ಲೇ ಕೇಳಿಕೊಳ್ಳಿ. ವರ್ಷಗಟ್ಟಲೆ ಎಳೆಯಬಹುದು ಅನ್ನುವುದನ್ನೂ ಮುಚ್ಚಿಡುವುದಿಲ್ಲ.

ಅದಕ್ಕೂ ಮೊದಲು ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡಬಹುದು. ಎಷ್ಟೋ ಕಂಪನಿಗಳು ಡೀಲರ್ ಮಾತಿಗೆ ಏಳದಿದ್ದರೂ ಅಲ್ಲಿಂದ ಕಾಗದ ಬಂದರೆ ಏಳುತ್ತವೆ.

ಇನ್ನೊಂದು ದಾರಿ ರೀಕಾಲ್, ಅಂದರೆ ದೋಷ ಇರುವ ಗಾಡಿಗಳನ್ನು ಕಂಪನಿಯೇ ವಾಪಸ್ ಕರೆಸಿ ಸರಿಮಾಡಿ ಕೊಡುವುದು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಿದ್ದುಪಡಿ ತಂದು, 2021ರ ಏಪ್ರಿಲ್ 1ರಿಂದ ನಿಯಮ ಜಾರಿ ಮಾಡಿದರು. ಏಳು ವರ್ಷದೊಳಗಿನ ಗಾಡಿಗಳಲ್ಲಿ ಸುರಕ್ಷತೆಯ ದೋಷ ಇದ್ದು, ಮಾರಾಟಕ್ಕೆ ತಕ್ಕಂತೆ ಇಂತಿಷ್ಟು ದೂರು ಬಂದರೆ, ಕೇಂದ್ರ ಸರ್ಕಾರ ರೀಕಾಲ್ ಮಾಡಿಸಬಹುದು. ಬರೀ ಖರ್ಚಿನ ತೊಂದರೆ ಅದರಡಿ ಬರುವುದಿಲ್ಲ. ಆದರೆ ಘಾಟಿಯ ಏರಿನಲ್ಲಿ, ಲಾರಿಗಳ ಮುಂದೆ ಎಳೆತ ಕಳೆದುಕೊಳ್ಳುವ ಗಾಡಿ ಸುರಕ್ಷತೆಯ ವಿಷಯ ಅಲ್ಲದೆ ಮತ್ತೇನು? ಸಾರಿಗೆ ಸಚಿವಾಲಯದ ಪೋರ್ಟಲ್‌ನಲ್ಲಿ ದೂರು ಹಾಕಿ, ಶಿರಾಡಿಯ ಘಟನೆಯನ್ನು ತಾರೀಖು ಸಮೇತ ಬರೆಯಿರಿ. ಅಲ್ಲಿ ಎಣಿಕೆಯೇ ಮುಖ್ಯ, ನಿಮ್ಮದೂ ಒಂದು ಸೇರಲಿ.

ಎಣಿಕೆ ಸೇರಿದರೆ ಏನಾಗುತ್ತದೆ ಅನ್ನುವುದಕ್ಕೆ ಚೀನಾ ಸಾಕ್ಷಿ. ಫೋಕ್ಸ್‌ವ್ಯಾಗನ್‌ನ ಏಳು ಗೇರಿನ ಡಿಎಸ್‌ಜಿ (ಅದೂ ಡ್ಯುಯಲ್ ಕ್ಲಚ್ಚೇ) ಗೇರ್‌ಬಾಕ್ಸಿನ ಬಗ್ಗೆ ಅಲ್ಲಿ ದೂರುಗಳ ರಾಶಿ ಬಿತ್ತು. 2012ರಲ್ಲಿ ಕಂಪನಿ ಆ ಗೇರ್‌ಬಾಕ್ಸಿಗೆ ಹತ್ತು ವರ್ಷ ಅಥವಾ 1,60,000 ಕಿ.ಮೀ. ವಾರಂಟಿ ಕೊಟ್ಟಿತು. ಮರುವರ್ಷ ಮಾರ್ಚ್ 15ರ ಗ್ರಾಹಕ ದಿನ ಸರ್ಕಾರಿ ಟಿವಿ ಅದನ್ನೇ ಎತ್ತಿ ಆಡಿತು. ಕೆಲವೇ ದಿನಗಳಲ್ಲಿ 3,84,000ಕ್ಕೂ ಹೆಚ್ಚು ಕಾರುಗಳ ರೀಕಾಲ್ ಘೋಷಣೆ ಆಯಿತು.

ಕೊನೆಗೆ ನಿಮ್ಮ ನೆಂಟರ ಸಲಹೆ. ಹೇಳದೆ ಮಾರಬೇಡಿ ಮೇಡಂ. ಆಸ್ಟ್ರೇಲಿಯಾದಲ್ಲಿ ಫೋರ್ಡ್ ಮೇಲಿದ್ದ ಆರೋಪಗಳಲ್ಲಿ ಅದೂ ಒಂದು. ಗ್ರಾಹಕರು ಬೇಸತ್ತು ಒಪ್ಪಿಸಿದ ಗಾಡಿಗಳನ್ನು, ತೊಂದರೆ ಇದೆ ಅಂತ ತಿಳಿಸದೆ ಮುಂದೆ ಮಾರಿದ್ದರು. ನಿಮಗೆ ಆದದ್ದು ಇನ್ನೊಬ್ಬರಿಗೆ ಯಾಕೆ ಆಗಬೇಕು? ಅವರ ಹಿಂದಿನ ಸೀಟಿನಲ್ಲೂ ಅತ್ತೆ, ಮಗು ಇರುತ್ತಾರೆ. ಮಾರಲೇಬೇಕಾದರೆ ಎಸ್ಟಿಮೇಟ್ ತೋರಿಸಿ, ಬೆಲೆ ಇಳಿಸಿ ಮಾರಿ. ಆದರೆ ದೂರು ತೀರ್ಮಾನ ಆಗುವ ತನಕ ಇಟ್ಟುಕೊಳ್ಳುವುದೇ ಮೇಲು, ಗಾಡಿ ಕೈಬಿಟ್ಟರೆ ಕೇಸಿನ ಬಲ ಕುಗ್ಗುತ್ತದೆ.

ಆಯೋಗಕ್ಕೆ ಹೋಗಲು ಎರಡು ವರ್ಷದ ಗಡುವು ಇದೆ. ಲೆಕ್ಕ ಎಂದಿನಿಂದ ಅನ್ನುವುದರ ಮೇಲೆ ಎದುರು ಪಕ್ಷ ಜಗಳ ತೆಗೆಯುವುದು ಖಂಡಿತ, ಹಾಗಾಗಿ ಕೊನೆಯ ತನಕ ಕಾಯಬೇಡಿ. ಈ ವಾರ ಕಂಪನಿಗೆ ಸ್ಪೀಡ್ ಪೋಸ್ಟಿನಲ್ಲಿ ಪತ್ರ ಹೋಗಲಿ, 15 ದಿನದಲ್ಲಿ ಉತ್ತರ ಕೇಳಿ. 2022ರ ಆ ಜಾಬ್ ಕಾರ್ಡಿನ ಜೆರಾಕ್ಸ್ ಲಗತ್ತಿಸಿ. ಅಲ್ಲಿಯ ತನಕ ಊರಿಗೆ ಹೋಗುವುದಿದ್ದರೆ ಬಸ್ಸೋ ರೈಲೋ ಹಿಡಿಯಿರಿ. ಆ ಗಾಡಿಯನ್ನು ಘಾಟಿಗೆ ಇಳಿಸಬೇಡಿ.