ಹಣ್ಣು, ಹಾಲು ಕೊಡಿ ಅಂದುಬಿಟ್ಟೆ

(ಹೆಸರು, ವಯಸ್ಸು, ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ.)

ಮಕ್ಕಳ ಬೆಳವಣಿಗೆ ನೋಡಿ ಅಪ್ಪ ಅಮ್ಮನಿಗೆ ಸಲಹೆ ಕೊಡುವುದು ನನ್ನ ಕೆಲಸ. ಶರಣಮ್ಮ ನನ್ನ ಹತ್ತಿರ ಮೊದಲ ಸಲ ಬಂದಿದ್ದು ಮಧ್ಯಾಹ್ನ, ಕೆಲಸದ ಊಟದ ಬಿಡುವಿನಲ್ಲಿ. ಸೀರೆಯ ಅಂಚಿನಲ್ಲಿ ಸಿಮೆಂಟು ಒಣಗಿತ್ತು. ಸೊಂಟದ ಮೇಲೆ ಎರಡು ವರ್ಷ ನಾಲ್ಕು ತಿಂಗಳ ಬಸು. ಹಿಂದೆಯೇ ಎಂಟು ವರ್ಷದ ಮಗಳು ಭಾಗ್ಯ. ಕುರ್ಚಿಯ ತುದಿಯಲ್ಲಿ ಕೂತು ಕೇಳಿದ್ದು ಒಂದೇ ಮಾತು.

"ಮೇಡಮ್ಮಾರ, ಇಂವ ಮಾತೇ ಆಡಂಗಿಲ್ರಿ. ದಡ್ಡ ಹುಟ್ಯಾನೇನು ನೋಡ್ರಿ."

ಯಾದಗಿರಿ ಕಡೆಯಿಂದ ಗುಳೆ ಬಂದವರು. ಬೆಂಗಳೂರಿನ ಅಂಚಿನಲ್ಲಿ ಅಪಾರ್ಟ್‌ಮೆಂಟ್ ಕಟ್ಟುವ ಜಾಗದಲ್ಲಿ ಗಂಡ ಹೆಂಡತಿ ಇಬ್ಬರಿಗೂ ದಿನಗೂಲಿ. ಅಲ್ಲೇ ತಗಡಿನ ಶೆಡ್ಡು. ಊರಲ್ಲಿ ಅತ್ತೆ, ಒಣಬೇಸಾಯದ ಎರಡು ಎಕರೆ, ಒಂದಿಷ್ಟು ಸಾಲ.

ಮೇಜಿನ ಮೇಲೆ ಗಿಲಕಿ, ಬಣ್ಣದ ಡಬ್ಬಿ ಇಟ್ಟೆ. ಬಸು ನೋಡಿದ, ಕೈ ಚಾಚಲಿಲ್ಲ. ಇಟ್ಟಲ್ಲೇ ಕೂತಿದ್ದ. "ಭಾಳ ಶಾಣ್ಯಾ ರಿ, ಏನೂ ಕಾಟ ಕೊಡಂಗಿಲ್ಲ" ಅಂದಳು ಶರಣಮ್ಮ. ಆ ವಯಸ್ಸಿನ ಮಗು ಇಷ್ಟು ಸುಮ್ಮನೆ ಕೂತರೆ ನನಗೆ ಸಮಾಧಾನವಾಗುವುದಿಲ್ಲ. ಮೈಯಲ್ಲಿ ಕಸುವಿಲ್ಲದ ಮಗು ಓಡಾಡುವುದಿಲ್ಲ, ಏನನ್ನೂ ಎಳೆದು ಬೀಳಿಸುವುದಿಲ್ಲ. ಬೀಳಿಸದ ಮಗುವಿನ ಹತ್ತಿರ ದೊಡ್ಡವರು ಮಾತೂ ಕಮ್ಮಿ ಆಡುತ್ತಾರೆ. "ಅದು ಮುಟ್ಟಬೇಡ, ಇದು ಚೊಂಬು, ಇಲ್ಲಿ ಬಾ" ಅನ್ನುವುದರಲ್ಲೇ ಅಲ್ವಾ ಮಕ್ಕಳು ಅರ್ಧ ಭಾಷೆ ಕಲಿಯುವುದು?

ಮಾತು ಬಾರದ ಮಗುವಿಗೆ ಮೊದಲು ಕಿವಿ ನೋಡಿಸಬೇಕು. ನೋಡಿಸಿದೆವು. ಕಿವಿ ಚೆನ್ನಾಗಿತ್ತು. ತೂಕ 9.4 ಕೆಜಿ. ತೋಳಿನ ಸುತ್ತಳತೆ 11.9 ಸೆಂ.ಮೀ. ಅಳೆಯುವ ಪಟ್ಟಿಯಲ್ಲಿ 11.5ರ ಕೆಳಗೆ ಕೆಂಪು, 12.5ರವರೆಗೆ ಹಳದಿ. ಬಸು ಹಳದಿ. ಹಿಮೋಗ್ಲೋಬಿನ್ 7.8; ಈ ವಯಸ್ಸಿಗೆ 11 ಆದರೂ ಇರಬೇಕು. ಮಕ್ಕಳ ಡಾಕ್ಟರು ಬೇರೆ ಕಾಯಿಲೆ ಏನಿಲ್ಲ ಅಂದು ಕಬ್ಬಿಣಾಂಶದ ಸಿರಪ್ಪು, ಜಂತುಹುಳದ ಮಾತ್ರೆ ಬರೆದುಕೊಟ್ಟರು.

ನಾನು ಒಂದು ಚೀಟಿ ಬರೆದುಕೊಟ್ಟೆ. ದಿನಾ ಹಣ್ಣು, ಎರಡು ಲೋಟ ಹಾಲು, ಮೊಟ್ಟೆ, ಸೊಪ್ಪು. ಮಗುವಿನ ಜೊತೆ ದಿನಕ್ಕೆ ಒಂದು ಗಂಟೆ ಆಟ, ಮಾತು. ಅವಳು ತಲೆಯಾಡಿಸಿ ಹೋದಳು. ಮುಂದಿನ ವಾರ ಬರಲಿಲ್ಲ. ಅದರ ಮುಂದಿನ ವಾರವೂ ಇಲ್ಲ.

ನಾಲ್ಕನೇ ವಾರ ಬಂದಾಗ ಚೀಟಿ ಅವಳ ಎಲೆಯಡಿಕೆ ಸಂಚಿಯಲ್ಲಿತ್ತು. "ಇದ್ರಾಗ ಬರ್ದದ್ದು ಒಂದೂ ನನ್ನ ಕೈಲೆ ಆಗಿಲ್ರಿ. ಬೈತೀರಂತ ಬರ್ಲಿಲ್ಲ."

ತಪ್ಪು ನನ್ನದು. ನಾನು ಬರೆದಿದ್ದು ನನ್ನಂಥ ಮನೆಗೆ ಸರಿಹೋಗುವ ಚೀಟಿ. ಹತ್ತು ವರ್ಷ ಈ ಕೆಲಸ ಮಾಡಿಯೂ ಹೀಗೆ ಎಡವುತ್ತೇನೆ ಅನ್ನೋದು ಬೇಜಾರಿನ ವಿಷಯ.

ಚೀಟಿ ಪಕ್ಕಕ್ಕಿಟ್ಟು ಅವಳ ದಿನ ಕೇಳಿದೆ. ನಸುಕಿನಲ್ಲಿ ನಾಲ್ಕಕ್ಕೆ ಏಳುವುದು, ಟ್ಯಾಂಕರ್ ನೀರಿಗೆ ಸಾಲು, ರೊಟ್ಟಿ ಬಡಿಯುವುದು. ಎಂಟಕ್ಕೆ ಕೆಲಸ. ಬಸು ದಿನವೆಲ್ಲ ಭಾಗ್ಯಳ ಕೈಯಲ್ಲಿ. ಬೆಳಗ್ಗೆ ಚಹಾ ಬಿಸ್ಕತ್ತು. ಮಧ್ಯಾಹ್ನ ಚಹಾದಲ್ಲಿ ಅದ್ದಿದ ರೊಟ್ಟಿ. ಸಂಜೆ ಆರಕ್ಕೆ ಬಂದು ಒಲೆ ಹಚ್ಚುವ ಹೊತ್ತಿಗೆ ಮಗು ತೂಕಡಿಸುತ್ತಿರುತ್ತದೆ. ಅಡುಗೆ ಆಗುವಷ್ಟರಲ್ಲಿ ನಿದ್ದೆ. ಎಷ್ಟೋ ದಿನ ರಾತ್ರಿಯ ಊಟವೇ ಇಲ್ಲ. ಕೂಡಿಸಿ ನೋಡಿದೆ. ಅವನು ಎಚ್ಚರವಿದ್ದು ಅವಳೂ ಹತ್ತಿರವಿರುವುದು ದಿನಕ್ಕೆ ಒಂದೂವರೆ ಗಂಟೆ. ಆಗಲೂ ಅವಳ ಕೈ ಹಿಟ್ಟಿನಲ್ಲಿ.

ಬಡತನ ಅಂದರೆ ದುಡ್ಡಿಲ್ಲ ಅಂತ ಮಾತ್ರ ತಿಳಿಯುತ್ತೇವೆ. ಆ ಮನೆಯಲ್ಲಿ ದುಡ್ಡಿಗಿಂತ ಮುಂಚೆ ಹೊತ್ತು ಮುಗಿದುಹೋಗುತ್ತಿತ್ತು.

ಆಮೇಲೆ ತಲೆ ತಗ್ಗಿಸಿ ಇನ್ನೊಂದು ಹೇಳಿದಳು. ರಾತ್ರಿ ಅವನು ಅತ್ತರೆ ಹೊಡೆಯುತ್ತಾಳೆ. ಹೊಡೆದು ತಾನೂ ಅಳುತ್ತಾಳೆ. ಅಕ್ಕಪಕ್ಕದ ಶೆಡ್ಡಿನವರು ಬೈಯುತ್ತಾರಂತೆ. ಅತ್ತೆ ಫೋನಿನಲ್ಲಿ, ನಿನ್ನ ಹೊಟ್ಟೆಯಲ್ಲೇ ದೋಷ ಅಂದಿದ್ದರಂತೆ. ಅವಳಿಗೆ ನಾನು ಮೊದಲು ಹೇಳಿದ್ದು ಇಷ್ಟು: "ಬಸು ದಡ್ಡ ಅಲ್ಲ, ಶರಣಮ್ಮ. ರಕ್ತ ಕಮ್ಮಿ ಇರೋ ಮಗು ಮಂಕಾಗಿರುತ್ತೆ, ಸಣ್ಣದಕ್ಕೂ ರಚ್ಚೆ ಹಿಡಿಯುತ್ತೆ. ಮಿದುಳು ಬೆಳೆಯೋಕೆ ಕಬ್ಬಿಣಾಂಶ ಬೇಕು. ನಿಮ್ಮ ಹೊಟ್ಟೆಯ ದೋಷ ಅಲ್ಲ." ರಕ್ತಹೀನತೆ ಇವಳೊಬ್ಬಳ ಮನೆಯ ಕಥೆಯೂ ಅಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65.5 ಮಂದಿಗೆ ರಕ್ತಹೀನತೆ ಇತ್ತು. ಶೇ. 35.4 ಮಕ್ಕಳು ವಯಸ್ಸಿಗೆ ತಕ್ಕ ಎತ್ತರ ಬೆಳೆದಿರಲಿಲ್ಲ.

ಎರಡನೇ ಸಲ ಚೀಟಿ ಬರೆಯಲಿಲ್ಲ. ಇಬ್ಬರೂ ಕೂತು ಲೆಕ್ಕ ಹಾಕಿದೆವು. ಊಟದ ಜೊತೆ ಚಹಾ ನಿಲ್ಲಿಸುವುದು, ಅದಕ್ಕೆ ಖರ್ಚಿಲ್ಲ. ಚಹಾ ಊಟದ ಕಬ್ಬಿಣಾಂಶ ಮೈಗೆ ಹತ್ತದಂತೆ ಮಾಡುತ್ತದೆ. ಅದರ ಬದಲು ರೊಟ್ಟಿಯನ್ನು ಬೇಳೆಕಟ್ಟಿನಲ್ಲಿ ಹಿಚುಕಿ, ಶೇಂಗಾ ಹಿಂಡಿ (ಚಟ್ನಿಪುಡಿ), ಒಂದು ಚಮಚ ಎಣ್ಣೆ ಹಾಕಿ ಕೊಡುವುದು. ಸಣ್ಣ ಹೊಟ್ಟೆಗೆ ಸ್ವಲ್ಪದರಲ್ಲೇ ಜಾಸ್ತಿ ಕಸುವು ಬೇಕು. ರಾತ್ರಿಯ ಊಟವನ್ನು ಬೆಳಗ್ಗೆಯ ರೊಟ್ಟಿಯಲ್ಲೇ ಎತ್ತಿಟ್ಟು, ಒಲೆ ಹಚ್ಚುವ ಮೊದಲೇ ತಿನ್ನಿಸುವುದು. ಬಿಸ್ಕತ್ತಿನ ದುಡ್ಡಲ್ಲಿ ವಾರಕ್ಕೆ ಮೂರು ಮೊಟ್ಟೆ ಬರುತ್ತಿತ್ತು. ಶೇಂಗಾ ಎಲ್ಲಿಂದ? ಅತ್ತೆಗೆ ನಾನೇ ಫೋನ್ ಮಾಡಿದೆ. ರೇಷನ್ ಕಾರ್ಡ್ ಅತ್ತೆಯ ಹೆಸರಲ್ಲಿ, ಗೃಹಲಕ್ಷ್ಮಿಯ 2,000 ರೂಪಾಯಿಯೂ ಅವರ ಖಾತೆಗೆ. ದುಡ್ಡು ಕೇಳಲಿಲ್ಲ. "ಅಮ್ಮಾ, ಮೊಮ್ಮಗನಿಗೆ ರಕ್ತ ಕಮ್ಮಿ ಆಗಿದೆ, ನೀವು ಹಿಂಡಿ ಮಾಡಿ ಕಳಿಸಿದರೆ ಔಷಧಿ ಇದ್ದ ಹಾಗೆ" ಅಂದೆ. ಹದಿನೈದು ದಿನಕ್ಕೆ ಬಸ್ಸಿನಲ್ಲಿ ಚೀಲ ಬಂತು. ದೋಷದ ಮಾತು ಆಮೇಲೆ ಬರಲಿಲ್ಲವಂತೆ.

ಮಾತು ಕಲಿಸುವುದಕ್ಕೆ ಬೇರೆ ಹೊತ್ತು ಹುಡುಕಲಿಲ್ಲ. ರೊಟ್ಟಿ ಬಡಿಯುವಾಗ ಅವನ ಕೈಗೂ ಒಂದು ಹಿಟ್ಟಿನ ಉಂಡೆ. "ಇದು ಹಿಟ್ಟು, ಇದು ನೀರು, ತಟ್ಟು ತಟ್ಟು." ಬಾಟಲಿ ಮುಚ್ಚಳಗಳನ್ನು ದಾರಕ್ಕೆ ಪೋಣಿಸಿ ಭಾಗ್ಯ ಆಟಿಕೆ ಮಾಡಿದಳು. ಇದನ್ನು ಧೈರ್ಯವಾಗಿ ಹೇಳಲು ನನಗೊಂದು ಆಧಾರವಿದೆ. ಜಮೈಕಾದ ಕಿಂಗ್‌ಸ್ಟನ್‌ನಲ್ಲಿ 1980ರ ದಶಕದಲ್ಲಿ, ಬೆಳವಣಿಗೆ ಕುಂಠಿತವಾದ ಬಡ ಮಕ್ಕಳ ಮನೆಗೆ ಆರೋಗ್ಯ ಕಾರ್ಯಕರ್ತೆಯರು ಎರಡು ವರ್ಷ ವಾರಕ್ಕೊಮ್ಮೆ ಹೋಗಿ, ಮನೆಯಲ್ಲೇ ಮಾಡಿದ ಆಟಿಕೆಗಳಿಂದ ತಾಯಂದಿರಿಗೆ ಆಟ ಹೇಳಿಕೊಟ್ಟರು. ಇಪ್ಪತ್ತು ವರ್ಷದ ಮೇಲೆ ನೋಡಿದರೆ ಆ ಮಕ್ಕಳ ಸಂಪಾದನೆ ಅಂಥ ಆಟ ಸಿಗದವರಿಗಿಂತ ಶೇ. 25ರಷ್ಟು ಜಾಸ್ತಿ ಇತ್ತು. 2014ರಲ್ಲಿ ಪ್ರಕಟವಾದ ಫಲಿತಾಂಶ ಅದು. ಬರೀ ಪೌಷ್ಟಿಕ ಆಹಾರ ಕೊಟ್ಟ ಮಕ್ಕಳಲ್ಲಿ ಈ ಲಾಭ ಕಾಣಲಿಲ್ಲ.

ಗಂಡನನ್ನು ಒಂದು ಭಾನುವಾರ ಕರೆಸಿದೆ. ಸಂಜೆ ಚಹಾದಂಗಡಿಗೆ ಬಸುನನ್ನು ಹೆಗಲ ಮೇಲೆ ಕೂರಿಸಿಕೊಂಡು ಹೋಗುತ್ತಾನೆ ಅಂತ ಗೊತ್ತಾಯಿತು. ದಾರಿಯಲ್ಲಿ ಮಾತಾಡಿಸಿ ಅಂದೆ. "ಇಂವನ ಕೂಡ ಏನಂತ ಮಾತಾಡ್ಲಿರಿ?" ಅಂತ ನಕ್ಕ. ಕಂಡಿದ್ದೆಲ್ಲ ಹೇಳಿ, ಲಾರಿ, ನಾಯಿ, ಕ್ರೇನು.

ಅಂಗನವಾಡಿಯದು ಬೇರೆಯೇ ಪಾಡು. ಮೂರು ವರ್ಷದೊಳಗಿನ ಮಕ್ಕಳಿಗೆ ಅಲ್ಲಿ ಮನೆಗೆ ಒಯ್ಯುವ ಆಹಾರ ಕೊಡುತ್ತಾರೆ. ಊರಲ್ಲಿದ್ದ ಹೆಸರನ್ನು, ಅಂಗನವಾಡಿ ಮಕ್ಕಳ ಲೆಕ್ಕ ಇಡುವ ಪೋಷಣ್ ಟ್ರ್ಯಾಕರ್ ಆ್ಯಪ್‌ನಲ್ಲಿ ಇಲ್ಲಿಗೆ ವರ್ಗಾಯಿಸಬಹುದು ಅಂತ ಒಪ್ಪಿಸಲು ನಾನು ಮೂರು ಸಲ ಹೋಗಬೇಕಾಯಿತು. ಕಾರ್ಯಕರ್ತೆ ಕೆಟ್ಟವರಲ್ಲ, ಅವರ ಮೇಜಿನ ಮೇಲೂ ರಾಶಿ ಕೆಲಸ. ಇನ್ನು ಕೆಲಸದ ಜಾಗದಲ್ಲಿ ಶಿಶುಪಾಲನೆ? ಆಗ ಜಾರಿಯಲ್ಲಿದ್ದ ಕಟ್ಟಡ ಕಾರ್ಮಿಕರ 1996ರ ಕಾಯ್ದೆಯ ಪ್ರಕಾರ, 50ಕ್ಕಿಂತ ಹೆಚ್ಚು ಹೆಣ್ಣಾಳುಗಳಿದ್ದರೆ ಆರು ವರ್ಷದೊಳಗಿನ ಮಕ್ಕಳಿಗೆ ಕೋಣೆ ಕೊಡಬೇಕಿತ್ತು. ಇಲ್ಲಿದ್ದವರು ಮೂವತ್ತೆರಡು.

ಎರಡೂವರೆ ತಿಂಗಳಿಗೆ ತೋಳು 12.6 ಆಯಿತು. ಹಿಮೋಗ್ಲೋಬಿನ್ 10ರ ಹತ್ತಿರ. ನನ್ನ ಮೇಜಿನ ಡಬ್ಬಿಯನ್ನು ಬಸು ಎಳೆದು ಕೆಡವಿದ, ಶರಣಮ್ಮ ಗದರಿದಳು, ನಾನು ಬೇಡ ಅಂದೆ. ಮೊದಲ ಮಾತು "ಅವ್ವ" ಅಲ್ಲ, "ಕೇನು". ಕಿಟಕಿಯಾಚೆ ಬೆರಳು ತೋರಿಸಿ ಅಂದ. ಅಪ್ಪನಿಗೆ ಹೆಮ್ಮೆ, ಅವ್ವನಿಗೆ ಸ್ವಲ್ಪ ಹೊಟ್ಟೆಕಿಚ್ಚು.

ಭಾಗ್ಯಳ ವಿಷಯ ಮಾತ್ರ ಬಗೆಹರಿಯಲಿಲ್ಲ. ವರ್ಗಾವಣೆ ಪತ್ರ ತಡವಾದರೂ ಸರ್ಕಾರಿ ಶಾಲೆ ಅವಳನ್ನು ಸೇರಿಸಿಕೊಳ್ಳಲೇಬೇಕು, ಕಾನೂನು ಇದೆ. ಆದರೆ ಅವಳು ಶಾಲೆಗೆ ಹೋದರೆ ತಮ್ಮನನ್ನು ನೋಡುವವರು ಯಾರು? ಪಕ್ಕದ ಶೆಡ್ಡಿನ ಬಾಣಂತಿಯೊಬ್ಬಳು ಕೆಲವು ದಿನ ನೋಡಿಕೊಂಡಳು, ಆಮೇಲೆ ಅವಳೂ ಪುಟ್ಟಿ ಹೊರಲು ಹೋದಳು. ಭಾಗ್ಯ ಹದಿನೇಳು ದಿನ ಶಾಲೆಗೆ ಹೋಗಿದ್ದಳು. ಲೆಕ್ಕ ಅವಳೇ ಹೇಳಿದ್ದು.

ಆ ಕಟ್ಟಡ ಮುಗಿದ ಮೇಲೆ ಅವರು ಬೇರೆ ಕಡೆ ಹೋದರು. ಹೋದ ತಿಂಗಳು ಶರಣಮ್ಮನ ಫೋನ್ ಬಂತು. ಊರ ಪಂಚಾಯಿತಿಯಲ್ಲಿ ಕೂಸಿನ ಮನೆ (ಕೂಲಿಗೆ ಹೋಗುವವರ ಮಕ್ಕಳನ್ನು ಹಗಲು ನೋಡಿಕೊಳ್ಳುವ ಜಾಗ) ತೆರೆದಿದ್ದಾರಂತೆ, ಅಲ್ಲಿ ಉದ್ಯೋಗ ಖಾತರಿ ಕೆಲಸ ಸಿಕ್ಕರೆ ವಾಪಸ್ ಹೋಗಬಹುದಾ ಅಂತ ಕೇಳಿದಳು. ಕೂಲಿ ಇಲ್ಲಿಗಿಂತ ಕಮ್ಮಿ ಬರುತ್ತದೆ ಅಂದೆ. "ಗೊತ್ತೈತ್ರಿ" ಅಂದಳು. ಹಿಂದೆ ಬಸು ಯಾವುದೋ ಪಾತ್ರೆ ಬಡಿಯುತ್ತಿದ್ದ ಸದ್ದು ಕೇಳುತ್ತಿತ್ತು. ಪಂಚಾಯಿತಿಯ ನಂಬರು ಹುಡುಕಿ ಕಳಿಸಿದ್ದೇನೆ.